ಮಂಜಿನ ಬೆಟ್ಟದ ಹೋಟೆಲಿನಲ್ಲಿ ಎರಡು ರಾತ್ರಿ: ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ

ದಸರಾ ಗದ್ದಲ ಕಳೆದ ಮೇಲೆ, ಮಗಳ ರಜೆಯ ಕೊನೆಯ ಮೂರು ದಿನ ನಾವು ಬೆಟ್ಟದ ಮೇಲೆ ಇದ್ದು ಬಂದೆವು. ನಾನು, ನಮ್ಮನೆಯವರು, ಮಗಳು, ಜೊತೆಗೆ ನನ್ನ ಅಪ್ಪಾಜಿ ಮತ್ತು ಅವ್ವ. ಅವ್ವನಿಗೆ 71, ಎರಡೂ ಮೊಣಕಾಲು ನೋವು. ವಾಪಸ್ ದಾವಣಗೆರೆಗೆ ಬಂದಾಗಿನಿಂದ ಪಕ್ಕದ ಮನೆಯವರು, ನೆಂಟರು ಎಲ್ಲರೂ ಕೇಳುತ್ತಿರುವುದು ಒಂದೇ ಮಾತು: ಅಷ್ಟು ಎತ್ತರಕ್ಕೆ ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಹೋಗಬಹುದು. ಆದರೆ ಮೊದಲೇ ಕೇಳಿಕೊಳ್ಳಬೇಕಾದ್ದು ಒಂದಷ್ಟು ಇದೆ. ನಾವು ಕೇಳದೆ ಹೋಗಿ ಮೊದಲ ದಿನ ಕಷ್ಟಪಟ್ಟೆವು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಟೆಲಿನ ಹೆಸರು ಹಾಕುತ್ತಿಲ್ಲ. ನನ್ನ ದೂರುಗಳನ್ನು ಮಾಲೀಕರ ಎದುರಿಗೇ ಕೂತು ಹೇಳಿ ಬಂದಿದ್ದೇನೆ, ಅವರು ಪೂರ್ತಿ ಕೇಳಿಸಿಕೊಂಡರು. ಜಾಗ ಬಾಬಾಬುಡನ್‌ಗಿರಿ ಸಾಲಿನಲ್ಲಿದೆ, ಕೆಮ್ಮಣ್ಣುಗುಂಡಿಗೆ ಹತ್ತಿರ. ಹದಿನಾಲ್ಕು ರೂಮಿನ ಸಣ್ಣ ಹೋಟೆಲು, ಸುತ್ತ ಕಾಫಿ ತೋಟ, ಮೇಲೆ ಹುಲ್ಲುಗಾವಲು. ನಮ್ಮನೆಯವರ ಫೋನಿನಲ್ಲಿ ಎತ್ತರ 1,310 ಮೀಟರ್ ಅಂತ ತೋರಿಸುತ್ತಿತ್ತು. ನಮ್ಮ ದಾವಣಗೆರೆ ಇರುವುದು 600 ಮೀಟರ್ ಎತ್ತರದಲ್ಲಿ. ನೂರು ಮೀಟರ್ ಮೇಲೆ ಹೋದಂತೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪಾಗುತ್ತದೆ ಅನ್ನುವ ಲೆಕ್ಕದಲ್ಲಿ ನಾಲ್ಕೂವರೆ ಡಿಗ್ರಿ ಕಮ್ಮಿ ಇರಬೇಕು. ಆದರೆ ಗಾಳಿ, ಮಂಜು ಸೇರಿದರೆ ಆ ಲೆಕ್ಕವೆಲ್ಲ ಸಾಲದು. ಸಂಜೆ ನಾಲ್ಕಕ್ಕೇ ಅಪ್ಪಾಜಿ ಮಂಕಿ ಕ್ಯಾಪ್ ಹಾಕಿಕೊಂಡರು.

ದಾರಿ ಚೆನ್ನಾಗಿದೆ. ಬೆಳಿಗ್ಗೆ ಆರೂವರೆಗೆ ಬಿಟ್ಟೆವು. ಸಂತೇಬೆನ್ನೂರಲ್ಲಿ ಪುಷ್ಕರಣಿ ಹತ್ತಿರ ನಿಲ್ಲಿಸಿ, ನೀರಿನ ನಡುವಿನ ಮಂಟಪ ನೋಡುತ್ತಾ ಮನೆಯಿಂದ ತಂದ ಚಿತ್ರಾನ್ನ ತಿಂದೆವು. ನಮ್ಮ ಜಿಲ್ಲೆಯಲ್ಲೇ ಇಂಥದ್ದೊಂದು ಇಟ್ಟುಕೊಂಡು ನಾವು ದೂರದೂರ ಹೋಗುತ್ತೇವೆ. ಚನ್ನಗಿರಿ ಸುತ್ತ ಅಡಿಕೆ ತೋಟ ನೋಡುತ್ತಾ ತರೀಕೆರೆ, ಅಲ್ಲಿಂದ ಲಿಂಗದಹಳ್ಳಿ. ಲಿಂಗದಹಳ್ಳಿ ದಾಟಿದ ಮೇಲೆ ತಿರುವು ಶುರುವಾಗುತ್ತದೆ. ಅವ್ವನಿಗೆ ಹೊಟ್ಟೆ ತೊಳಸದ ಹಾಗೆ ನಿಂಬೆಹಣ್ಣು ಮೂಸಿಸುತ್ತಾ ಕಲ್ಲತ್ತಿಗಿರಿಯಲ್ಲಿ ಅರ್ಧ ಗಂಟೆ ಇಳಿಸಿದೆವು. ವೀರಭದ್ರನ ಗುಡಿ ಹತ್ತಿರವೇ ನೀರು ಬೀಳುತ್ತದೆ, 122 ಮೀಟರ್ ಎತ್ತರದಿಂದ. ಮಳೆ ಚೆನ್ನಾಗಿ ಆಗಿತ್ತು, ನೀರು ಜೋರಿತ್ತು. ಅವ್ವ ದೂರದಿಂದಲೇ ಕೈ ಮುಗಿದಳು. ಹೋಟೆಲು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ.

ಈಗ ಮೆಟ್ಟಿಲಿನ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಫೋನಿನಲ್ಲಿ ಕೇಳಿದಾಗ "ನಾಲ್ಕೈದು ಮೆಟ್ಟಿಲು ಅಷ್ಟೇ ಮೇಡಂ" ಅಂದಿದ್ದರು. ಕಾರು ನಿಲ್ಲಿಸಿ ನೋಡಿದರೆ ರೂಮಿನವರೆಗೆ 34 ಮೆಟ್ಟಿಲು. ನಾನೇ ಎಣಿಸಿದ್ದೇನೆ. ಕಲ್ಲಿನ ಮೆಟ್ಟಿಲು, ಒಂದು ಗಿಡ್ಡ, ಒಂದು ಎತ್ತರ, ಅಂಚಿನಲ್ಲಿ ಹಸಿರು ಪಾಚಿ. ಮೊದಲ ಹದಿನಾರಕ್ಕೆ ಹಿಡಿದುಕೊಳ್ಳಲು ಪೈಪಿನ ಕಂಬಿ ಇದೆ, ಆಮೇಲೆ ಅದೂ ಇಲ್ಲ. ಅವ್ವ ಕೆಳಗೆ ನಿಂತು ತಲೆ ಎತ್ತಿ ನೋಡಿದಳು, ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯ. ವಾಪಸ್ ಹೋಗಿಬಿಡೋಣ ಅಂತ ನನಗೇ ಒಂದು ಕ್ಷಣ ಅನ್ನಿಸಿತು.

ಆಗ ಮೇಲಿನಿಂದ ಒಬ್ಬ ಹುಡುಗ ಇಳಿದು ಬಂದ. ಕೈಯಲ್ಲಿ ಒಂದು ಬಿದಿರಿನ ಕೋಲು, ಕಂಕುಳಲ್ಲಿ ಕೊಡೆ. "ಅಜ್ಜಿ, ಅವಸರ ಬೇಡ. ಐದು ಹತ್ತಿ, ಒಂದ್ಸಲ ನಿಲ್ಲೋಣ" ಅಂದ. ತೋಳು ಹಿಡಿದು ಎಳೆಯಲಿಲ್ಲ. ತಾನು ಒಂದು ಮೆಟ್ಟಿಲು ಕೆಳಗೆ, ಹೊರಗಿನ ಅಂಚಿನಲ್ಲಿ ನಿಂತುಕೊಂಡು ಅವ್ವನ ಮೊಣಕೈಗೆ ಮಾತ್ರ ಅಂಗೈ ಆನಿಸಿದ. ಪ್ರತಿ ಐದು ಮೆಟ್ಟಿಲಿಗೆ ನಿಂತಾಗ ಒಂದು ಗಿಡ ತೋರಿಸುವನು, ಇದು ಅರೇಬಿಕಾ, ಇದು ಕಾಳುಮೆಣಸಿನ ಬಳ್ಳಿ, ಅದು ಕಿತ್ತಳೆ ಅಂತ. ಅವ್ವ ಉಸಿರು ತಗೊಳ್ಳಲಿ ಅಂತ ಅವನು ಹಾಗೆ ಮಾಡುತ್ತಿದ್ದದ್ದು ನನಗೆ ಮೇಲೆ ಹೋದ ಮೇಲೆ ಹೊಳೆಯಿತು. ಆಮೇಲೆ ಮೂರು ದಿನವೂ ಅವ್ವ ಹತ್ತಿ ಇಳಿಯುವಾಗ ಕರೆಯದೆಯೇ ಬಂದು ನಿಲ್ಲುತ್ತಿದ್ದ. ಟಿಪ್ಸ್ ಕೊಟ್ಟರೆ ಮೊದಲು ಬೇಡ ಅಂದ, ಅವ್ವ ಜೇಬಿಗೆ ತುರುಕಿದಳು.

ಹುಡುಗ ಒಳ್ಳೆಯವನು ಅಂತ ಮೆಟ್ಟಿಲಿನ ತಪ್ಪು ಮುಚ್ಚಿಹೋಗುವುದಿಲ್ಲ. ಉಳಿದ ಹದಿನೆಂಟು ಮೆಟ್ಟಿಲಿಗೂ ಕಂಬಿ ಹಾಕಿಸಿ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿಸಿ ಅಂತ ಮಾಲೀಕರಿಗೆ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ: ಫೋನಿನಲ್ಲಿ ನಿಜ ಹೇಳಿ. 34 ಅಂತ ಹೇಳಿದ್ದರೂ ನಾವು ಬರುತ್ತಿದ್ದೆವು, ಆದರೆ ಅವ್ವನ ಮೊಣಕಾಲಿನ ಪಟ್ಟಿ, ಊರುಗೋಲು ತಂದುಕೊಂಡು ಬರುತ್ತಿದ್ದೆವು.

ಎರಡನೇ ದೂರು ರೂಮಿನದ್ದು. ಬುಕ್ ಮಾಡುವಾಗ ತೋರಿಸಿದ ಫೋಟೋದಲ್ಲಿ ಕಿಟಕಿ ತುಂಬಾ ಕಣಿವೆ. ನಮಗೆ ಕೊಟ್ಟ ಎರಡು ರೂಮಲ್ಲಿ ಒಂದರ ಕಿಟಕಿ ತೆಗೆದರೆ ಕಾಣುವುದು ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ಡೀಸೆಲ್ ಜನರೇಟರು. ಸಂಜೆ ಕರೆಂಟ್ ಹೋಯಿತು, ಬೆಟ್ಟದಲ್ಲಿ ಅದು ಮಾಮೂಲಿ, ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಆದರೆ ಜನರೇಟರು ರಾತ್ರಿ ಹತ್ತೂವರೆವರೆಗೆ ತಲೆದಿಂಬಿನ ಪಕ್ಕದಲ್ಲೇ ಓಡಿದ ಹಾಗಿತ್ತು. ಅಪ್ಪಾಜಿ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ನಮ್ಮೂರಿನ ಮಿಲ್ಲುಗಳು ಒಂದೊಂದಾಗಿ ಮುಚ್ಚುವವರೆಗೂ ಮಗ್ಗದ ಸದ್ದಿನ ನಡುವೆಯೇ ಇದ್ದರು, ಈಗಲೂ ಕಿವಿ ಸ್ವಲ್ಪ ಮಂದ. "ನನಗೇನೂ ತೊಂದರೆ ಇಲ್ಲ, ಮಲಕ್ಕೋ" ಅಂದರು. ಆದರೆ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಬಂದದ್ದೇ ಸದ್ದಿಲ್ಲದ ಜಾಗದಲ್ಲಿ ಎರಡು ರಾತ್ರಿ ಮಲಗಲಿ ಅಂತ, ಅಲ್ವಾ? ಬೆಳಿಗ್ಗೆ ಎದ್ದವಳೇ ಹೋಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಒಂದು ರೂಮು ಖಾಲಿ ಇತ್ತು, ವಾರದ ನಡುವಿನ ದಿನವಾದ್ದರಿಂದ. ಒಂಬತ್ತಕ್ಕೆಲ್ಲ ಬದಲಾಯಿಸಿಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ. ಶನಿವಾರ ಭಾನುವಾರ ಹೋಗಿದ್ದರೆ ಅದೇ ರೂಮೇ ಗತಿಯಾಗುತ್ತಿತ್ತು. ಬುಕ್ ಮಾಡುವಾಗಲೇ "ಮುಂದಿನ ಸಾಲು, ಜನರೇಟರಿನಿಂದ ದೂರ" ಅಂತ ಬಾಯಿಬಿಟ್ಟು ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಹಾಸಿಗೆ ಚೊಕ್ಕ. ಒಬ್ಬೊಬ್ಬರಿಗೆ ಒಂದು ರಜಾಯಿ, ಒಂದು ಕಂಬಳಿ. ಹೊದ್ದುಕೊಂಡಾಗ ಸಣ್ಣಗೆ ಹೊಗೆ ವಾಸನೆ ಬಂತು. ಯಾರೋ ಸಿಗರೇಟು ಸೇದಿದ್ದಾರೇನೋ ಅಂತ ಮೊದಲು ಸಿಟ್ಟು ಬಂತು. ವಿಚಾರಿಸಿದರೆ ಬೇರೆಯೇ ಕಾರಣ. ಇಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಇರುವುದಿಲ್ಲ, ಬಟ್ಟೆ ಒಣಗುವುದೇ ಇಲ್ಲ. ಅದಕ್ಕೆ ಹಿಂದುಗಡೆ ನೀರು ಕಾಯಿಸುವ ಹಂಡೆ ಮನೆಯಲ್ಲೇ ಮೇಲೆ ಗಳ ಕಟ್ಟಿ ಹೊದಿಕೆಗಳನ್ನೆಲ್ಲ ಹರವುತ್ತಾರೆ. ನಾನು ಹೋಗಿ ನೋಡಿದೆ. ದೊಡ್ಡ ತಾಮ್ರದ ಹಂಡೆ, ಕೆಳಗೆ ಕಾಫಿ ಗಿಡ ಸವರಿದಾಗ ಬಿದ್ದ ಒಣ ರೆಂಬೆಗಳ ಉರಿ, ಮೇಲೆ ಸಾಲಾಗಿ ಬಿಳಿ ಹೊದಿಕೆಗಳು ಬೆಚ್ಚಗೆ ತೂಗಾಡುತ್ತಿದ್ದವು. ಒದ್ದೆ ವಾಸನೆಯ ಹಾಸಿಗೆಗಿಂತ ಈ ಹೊಗೆ ವಾಸನೆ ಎಷ್ಟೋ ವಾಸಿ. ಉಬ್ಬಸ ಇರುವವರು ಮಾತ್ರ ಮನೆಯಿಂದ ಒಂದು ಹೊದಿಕೆ ತಂದುಕೊಳ್ಳುವುದು ಒಳ್ಳೆಯದು. ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಸಂಜೆ ಕೇಳಿದರೆ ಬಕೆಟ್ಟಿನಲ್ಲಿ ತಂದುಕೊಡುತ್ತಾರೆ. ಅವ್ವ ಸಂಜೆ ಆ ನೀರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರೆ ಎಬ್ಬಿಸುವುದೇ ಕಷ್ಟ.

ಊಟದ ಬಗ್ಗೆ ಎಷ್ಟು ಬರೆದರೂ ಸಾಲದು.

ಅಡುಗೆ ಮಾಡುವವರು ಹತ್ತಿರದ ಊರಿನ ಒಬ್ಬ ಹೆಂಗಸು. ಮೆನು ಕಾರ್ಡು ಅಂತ ಏನೂ ಇಲ್ಲ. ಬೆಳಿಗ್ಗೆ ಕಡುಬು, ಕಾಯಿಚಟ್ನಿ, ಮರುದಿನ ಅಕ್ಕಿರೊಟ್ಟಿ. ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ಒಂದು ಪಲ್ಯ, ಹಲಸಿನ ಹಪ್ಪಳ. ನಮ್ಮ ಕಡೆಯ ಖಾರ ಇಲ್ಲ. ಬೆಣ್ಣೆದೋಸೆ ಊರಿನವರು ನಾವು, ಬೆಳಿಗ್ಗೆ ತಟ್ಟೆಯ ಮೇಲೆ ಒಂದು ಮುದ್ದೆ ಬೆಣ್ಣೆ ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ. ಆದರೆ ಹಬೆಯಾಡುವ ಕಡುಬನ್ನು ಮುರಿದು, ಒಳಗೆ ತುಪ್ಪ ಬಿಟ್ಟು ಕೊಟ್ಟಾಗ ಯಾರಿಗೂ ಬೆಣ್ಣೆಯ ನೆನಪಾಗಲಿಲ್ಲ. ಬೇಳೆ ಯಾಕೆ ತಡ ಅಂತ ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ "ಇಲ್ಲಿ ಕುಕ್ಕರ್ ಎರಡು ಕೂಗು ಜಾಸ್ತಿ ಕೂಗಿಸ್ಬೇಕು ಅಮ್ಮ, ಕೆಳಗಿನ ಹಾಗೆ ಬೇಯಲ್ಲ" ಅಂದರಂತೆ. ಅದು ಸರಿಯೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಮ್ಮಿ, ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆ. ಈ ಎತ್ತರದಲ್ಲಿ ಸುಮಾರು 95, 96ಕ್ಕೇ ಕುದಿ ಬರುತ್ತದೆ, ಬೇಳೆಗೆ ಅಷ್ಟು ಬಿಸಿ ಕಮ್ಮಿ ಸಿಗುತ್ತದೆ. ಅವ್ವನಿಗೆ ಈ ಸಂಗತಿ ಬಹಳ ಹಿಡಿಸಿತು. ಊರಿಗೆ ಬಂದ ಮೇಲೆ ಎಲ್ಲರಿಗೂ ಮೊದಲು ಹೇಳಿದ್ದು ಅದನ್ನೇ.

ಅವ್ವ ಎಲ್ಲಿಗೆ ಹೋದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೇ ಹೋಗುವುದು. ಮೊದಲ ರಾತ್ರಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಬೆಳಿಗ್ಗೆ ನೋಡಿದರೆ ಚಟ್ ಅಂತ ಮುರಿಯಬೇಕಾದ ಜೋಳದ ರೊಟ್ಟಿ ಬಟ್ಟೆಯ ಹಾಗೆ ಮಡಚಿಕೊಂಡಿತ್ತು. ಮಗಳು ತಂದಿದ್ದ ಮಂಡಕ್ಕಿ ಪೊಟ್ಟಣವೂ ಅಷ್ಟೇ, ಬಿಚ್ಚಿದ ಇಪ್ಪತ್ತು ನಿಮಿಷಕ್ಕೆ ಮೆತ್ತಗಾಯಿತು. ಗಾಳಿಯಲ್ಲೇ ಅಷ್ಟು ನೀರು! ಅವ್ವ ಸಪ್ಪೆ ಮುಖ ಮಾಡಿಕೊಂಡು ಡಬ್ಬಿ ಹಿಡಿದು ಕೂತಿದ್ದನ್ನು ಆ ಅಡುಗೆಯವರು ನೋಡಿದರು. "ಕೊಡಿ ಇಲ್ಲಿ" ಅಂತ ತಗೊಂಡು ಹೋಗಿ, ಕೆಂಡದ ಮೇಲೆ ಜಾಲರಿ ಇಟ್ಟು, ಒಂದೊಂದೇ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿ ಒತ್ತಿ ಸುಟ್ಟು ಕೊಟ್ಟರು. ಮತ್ತೆ ಗರಿಗರಿ. ಹನ್ನೆರಡು ರೊಟ್ಟಿ ಇತ್ತು, ಹನ್ನೆರಡನ್ನೂ. ಅದನ್ನು ಯಾವ ಬಿಲ್ಲಿನಲ್ಲೂ ಬರೆಯಲಿಲ್ಲ. ಅವ್ವ ಚಟ್ನಿಪುಡಿ ರುಚಿ ತೋರಿಸಿದಳು, ಅವರು ಶೇಂಗಾ ಹುರಿಯುವ ಹದ ಕೇಳಿದರು. ಆಮೇಲೆ ಇಬ್ಬರೂ ಒಲೆ ಮುಂದೆ ಕೂತು ಒಂದು ತಾಸು ಮಾತಾಡಿದರು. ನಾನು ಯಾವ ಹೋಟೆಲಿನಲ್ಲೂ ಇಂಥದ್ದು ಕಂಡಿಲ್ಲ.

ಕಾಫಿ ತೋಟದ್ದೇ, ಅಲ್ಲೇ ಹುರಿದು ಪುಡಿ ಮಾಡಿದ್ದು. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರು ಅನ್ನುವ ಕಥೆ ನಮಗೆಲ್ಲ ಗೊತ್ತು. ಅದೇ ಬೆಟ್ಟದಲ್ಲಿ, ಮಂಜಿನೊಳಗೆ ಬೆಲ್ಲದ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಖುಷಿ ಬೇರೆ.

ಬುಧವಾರ ಇಡೀ ದಿನ ಮಂಜು. ಹೊಸ ರೂಮಿಗೆ ಬಂದರೂ ಕಣಿವೆ ಇಲ್ಲ, ಬೆಟ್ಟ ಇಲ್ಲ, ಹತ್ತು ಮಾರು ದೂರದ ಕಾಫಿ ಗಿಡ ಕೂಡ ಇಲ್ಲ. ಪಕ್ಕದ ರೂಮಿನವರು "ಸುಮ್ನೆ ದುಡ್ಡು ದಂಡ" ಅಂತ ಮಧ್ಯಾಹ್ನವೇ ಗಾಡಿ ತಿರುಗಿಸಿದರು. ನಮ್ಮನೆಯವರು ಮಗಳನ್ನು ಕರೆದುಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರುತ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಝಡ್ ಪಾಯಿಂಟ್‌ಗೆ ನಡೆಯಲು ಹೊರಟವರು ದಾರಿ ಕಾಣದೆ ಅರ್ಧಕ್ಕೇ ವಾಪಸ್, ಕಾಲಿಗೆ ನಾಲ್ಕು ಇಂಬಳ ಕಚ್ಚಿಸಿಕೊಂಡು ಬಂದರು. ಮಂಜಿದ್ದಾಗ ಆ ಕಿರುದಾರಿಗೆ ಹೋಗುವುದು ಬೇಡ, ಒಂದು ಕಡೆ ನೇರ ಇಳಿಜಾರು. ಹೆಬ್ಬೆ ಜಲಪಾತದ ಜೀಪು ದಾರಿ ಕುಲುಕುವುದು ಜಾಸ್ತಿ, ಮೊಣಕಾಲು ನೋವಿನವರಿಗೆ ಅಲ್ಲ. ಮಗಳ ಬಿಳಿ ಶೂ ಪೂರ್ತಿ ಕೆಂಪು. ಹೆಸರೇ ಕೆಮ್ಮಣ್ಣು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ. ಆ ಕಲೆ ಎರಡು ಸಲ ತೊಳೆದರೂ ಹೋಗಿಲ್ಲ.

ನಾನು, ಅಪ್ಪಾಜಿ, ಅವ್ವ ಜಗಲಿಯಲ್ಲಿ ಕೂತೆವು. ಗಾಜಿನ ಬಾಗಿಲಿನ ಉದ್ದ ಜಗಲಿ, ಬೆತ್ತದ ಕುರ್ಚಿಗಳು, ಕೇಳದೆಯೇ ಕಾಲ ಬಳಿ ಕೆಂಡದ ಬಾಂಡ್ಲಿ ತಂದಿಟ್ಟಿದ್ದರು. ಗಾಜಿನ ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟಿದ್ದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡರೆ ಜೀವಕ್ಕೇ ಅಪಾಯ, ಅದು ಅವರಿಗೆ ಗೊತ್ತಿದ್ದದ್ದು ನೋಡಿ ನನಗೆ ಸಮಾಧಾನವಾಯಿತು. ಗಾಜಿನ ಮೇಲೆ ಹನಿಗಳು ಒಂದಕ್ಕೊಂದು ಕೂಡಿ ಇಳಿಯುತ್ತಿದ್ದವು. ಅಪ್ಪಾಜಿ ಬೆರಳಿಟ್ಟು ತೋರಿಸಿದರು. "ಈ ಕಡೆ ಮಗ್ಗುಲಿಗೆ ಬಿದ್ದ ಹನಿ ಭದ್ರೆಗೆ ಹೋಗ್ತದೆ. ನಮ್ಮ ಗದ್ದೆ ನಾಲೆಗೆ ಬರ್ತದೆ. ಆ ಕಡೆ ಬಿದ್ದದ್ದು ವೇದಾವತಿ, ನಿಮ್ಮವ್ವನ ತವರಿಗೆ."

ಅಪ್ಪಾಜಿಗೆ ಎರಡು ಎಕರೆ ಭತ್ತದ ಗದ್ದೆ ಇದೆ, ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿ. ನಾಲೆ ನೀರು ಯಾವತ್ತು ಬಿಡುತ್ತಾರೆ, ನಮ್ಮ ತೂಬಿಗೆ ಯಾವತ್ತು ಮುಟ್ಟುತ್ತದೆ ಅನ್ನುವುದೇ ಮನೆಯಲ್ಲಿ ಪ್ರತಿ ವರ್ಷದ ಮಾತು. ಅವ್ವನ ತವರು ಹಿರಿಯೂರು ಕಡೆ. ವೇದಾವತಿ ಹುಟ್ಟುವುದು ಈ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿ, ಹೋಗಿ ನಿಲ್ಲುವುದು ಮಾರಿಕಣಿವೆಯಲ್ಲಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅವ್ವನ ಅಪ್ಪ ಹುಡುಗನಾಗಿದ್ದಾಗ ನೋಡಿದ್ದನ್ನು ಅವ್ವ ತನ್ನ ತಮ್ಮನ ಜೊತೆ ಹೋಗಿ ನೋಡಿ ಬಂದಳು, ಅರಿಶಿನ ಕುಂಕುಮ ಬಿಟ್ಟು ಬಂದಳು. "ಹಂಗಾದ್ರೆ ಆ ನೀರು ಇಲ್ಲಿಂದು" ಅಂದಳು ಅವ್ವ. ಎದ್ದು ಹೋಗಿ, ತೆರೆದಿದ್ದ ಸಂದಿಯಲ್ಲಿ ಕೈ ಹೊರಗೆ ಚಾಚಿದಳು. ಒಂದು ನಿಮಿಷಕ್ಕೆ ಬಳೆ ತುಂಬಾ ಸಣ್ಣ ಸಣ್ಣ ಹನಿ. ಅದನ್ನು ಹಾಗೇ ಮುಖಕ್ಕೆ ಒತ್ತಿಕೊಂಡಳು.

ಮಂಜು ಅಂದರೆ ಏನೂ ಕಾಣದ ದಿನ ಅಂದುಕೊಂಡಿದ್ದೆ. ಆ ಬುಧವಾರವನ್ನು ನಾನು ಯಾವ ಬಿಸಿಲಿಗೂ ಬದಲು ಕೊಡುವುದಿಲ್ಲ. ಅದಕ್ಕೇ ಹೇಳುತ್ತೇನೆ, ಬೆಟ್ಟದ ಹೋಟೆಲು ಹುಡುಕುವಾಗ ಕಿಟಕಿಯ ಫೋಟೋ ಒಂದನ್ನೇ ನೋಡಬೇಡಿ. ಇಡೀ ದಿನ ಹೊರಗೆ ಹೋಗಲಾಗದಿದ್ದರೆ ಎಲ್ಲರೂ ಒಟ್ಟಿಗೆ ಕೂರಲು ಬೆಚ್ಚಗಿನ ಜಾಗ ಇದೆಯಾ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಇದೆಯಾ ಅಂತ ಕೇಳಿ. ಈ ಹೋಟೆಲು ಅದರಲ್ಲಿ ಗೆದ್ದಿದೆ.

ಗುರುವಾರ ಬೆಳಿಗ್ಗೆ ಆರೂಕಾಲಿಗೆ ಅದೇ ಹುಡುಗ ಬಾಗಿಲು ತಟ್ಟಿದ. "ಅಜ್ಜಿ, ತೆರೆದಿದೆ, ಬೇಗ ಬನ್ನಿ." ಶಾಲು ಹೊದ್ದು ಎಲ್ಲರೂ ಜಗಲಿಗೆ ಬಂದೆವು. ಕೆಳಗೆ ಮೋಡ, ಮೋಡದ ಮೇಲೆ ಬೆಟ್ಟದ ತಲೆಗಳು, ಆಮೇಲೆ ಮೋಡವೂ ಹರಿದು ತರೀಕೆರೆ ಬಯಲು, ಅಲ್ಲಲ್ಲಿ ಕೆರೆಗಳು ತಗಡಿನ ಹಾಗೆ ಹೊಳೆಯುತ್ತಿದ್ದವು. ನಲವತ್ತು ನಿಮಿಷ ಅಷ್ಟೇ, ಏಳಕ್ಕೆ ಮತ್ತೆ ಮುಚ್ಚಿತು. ಅವ್ವ ಉತ್ತರ ಯಾವ ಕಡೆ ಅಂತ ಕೇಳಿ, ಊರಿನ ದಿಕ್ಕಿಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದಳು. ನಾನು ಫೋಟೋ ತೆಗೆಯಲು ಹೋಗಲಿಲ್ಲ.

ಖರ್ಚು: ರೂಮಿಗೆ ಒಂದು ರಾತ್ರಿಗೆ 3,800, ಬೆಳಗಿನ ತಿಂಡಿ ಅದರಲ್ಲೇ. ಊಟ ಒಬ್ಬರಿಗೆ 250. ವಾರದ ಕೊನೆಯಲ್ಲಿ ರೂಮಿಗೆ ಸಾವಿರ ಜಾಸ್ತಿಯಂತೆ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಫೋನ್‌ಪೇ ನಂಬಿಕೊಳ್ಳಬೇಡಿ, ನಗದು ಇಟ್ಟುಕೊಳ್ಳಿ. ಪೆಟ್ರೋಲು ತರೀಕೆರೆಯಲ್ಲೇ ತುಂಬಿಸಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಜಾಸ್ತಿಯೇ ಇರಲಿ, ಹತ್ತಿರದಲ್ಲಿ ಮೆಡಿಕಲ್ ಶಾಪ್ ಇಲ್ಲ. ಕತ್ತಲಾದ ಮೇಲೆ ಘಾಟಿ ಹತ್ತಬೇಡಿ. ಮುಳ್ಳಯ್ಯನಗಿರಿ ಕಡೆಗೂ ಹೋಗುವ ಆಸೆ ಇದ್ದರೆ ಈಗ ಗಾಡಿಗೆ ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿಸಬೇಕು, ಅದನ್ನು ಊರಲ್ಲೇ ಮುಗಿಸಿಕೊಂಡು ಹೊರಡಿ. ಸಾಕ್ಸ್ ಮೂರು ಜೊತೆ ಬೇಕು, ಒದ್ದೆಯಾದದ್ದು ಒಣಗುವುದಿಲ್ಲ.

ಕಂಬಿ ಹಾಕಿಸಿದರೆ ಫೋಟೋ ಕಳಿಸುತ್ತೇನೆ ಅಂತ ಮಾಲೀಕರು ಹೇಳಿದ್ದಾರೆ. ಬಂದ ದಿನ ಇಲ್ಲೇ ಬರೆಯುತ್ತೇನೆ. ಅಲ್ಲಿಯವರೆಗೆ ಮೊಣಕಾಲು ನೋವು ಇರುವವರು ಜೊತೆಗಿದ್ದರೆ ಊರುಗೋಲು ಮರೆಯಬೇಡಿ, ರೊಟ್ಟಿ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ.